ಕಣಕಾಲಿನ ಕಥೆ: ಕಟ್ಟಿನಿಂದ ಕೃತಕ ಕೀಲಿನವರೆಗೆ

ಶಿರಸಿಯಿಂದ ಯಲ್ಲಾಪುರದ ದಾರಿ ಹಿಡಿದರೆ ಸುಮಾರು 20 ಕಿ.ಮೀ. ದೂರದಲ್ಲಿ ಸಿಗುವ ಊರು ಸೋಂದಾ. ಸೋದೆ, ಸ್ವಾದಿ, ಸುಧಾಪುರ ಎಂದೆಲ್ಲ ಇದಕ್ಕೆ ಹೆಸರುಗಳುಂಟು. ವಾದಿರಾಜ ಗುರುಗಳ ಬೃಂದಾವನ ಇಲ್ಲಿದೆ. ಸ್ವಾದಿಯ ದಿಗಂಬರ ಜೈನ ಮಠ ಮತ್ತು ಸ್ವರ್ಣವಲ್ಲಿ ಮಠಗಳೂ ಇಲ್ಲಿವೆ. 1763ರಲ್ಲಿ ಹೈದರ್ ಅಲಿಯ ಸೈನ್ಯ ಬರುವವರೆಗೆ ಇದು ನಾಯಕ ಅರಸರ ರಾಜಧಾನಿಯಾಗಿತ್ತು. ಅರಸರ, ಗುರುಗಳ, ಗ್ರಂಥಗಳ ಇತಿಹಾಸ ಇಲ್ಲಿ ಬೇಕಾದಷ್ಟು ಸಿಗುತ್ತದೆ. ಆದರೆ ಈ ಕಾಡು, ಕಣಿವೆ, ತೋಟಗಳನ್ನು ದಿನವೂ ತುಳಿದ ಕಾಲುಗಳ ಇತಿಹಾಸವನ್ನು ಬರೆದವರು ಕಡಿಮೆ.

ಘಟ್ಟದ ಮೇಲಿನ ಬದುಕು ನಿಂತಿರುವುದು ಕಣಕಾಲಿನ ಮೇಲೆ ಎಂದರೆ ಉತ್ಪ್ರೇಕ್ಷೆಯಲ್ಲ. ಮನೆ ಎತ್ತರದಲ್ಲಿ, ತೋಟ ತಗ್ಗಿನಲ್ಲಿ. ಸೊಪ್ಪಿನ ಬೆಟ್ಟದಿಂದ ತಲೆಹೊರೆ ಹೊತ್ತು ಇಳಿಜಾರಿನಲ್ಲಿ ಇಳಿಯಬೇಕು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ ದಾಟಬೇಕು, ಹಳ್ಳಕ್ಕೆ ಹಾಕಿದ ಕಾಲುಸಂಕದ ಮೇಲೆ ತೂಕ ತಪ್ಪದಂತೆ ನಡೆಯಬೇಕು. ಇನ್ನು ಅಡಿಕೆ ಕೊಯ್ಲಿನ ಕೊನೆಗೌಡನ ಕೆಲಸವಂತೂ ಕಾಲಿನದೇ ಕಸುಬು. ಎರಡೂ ಪಾದಗಳಿಗೆ ಬಳೆಯಂತೆ ಹಗ್ಗ ಸಿಕ್ಕಿಸಿಕೊಂಡು, ಪಾದಗಳಿಂದ ಮರವನ್ನು ಅವುಚಿ ಹಿಡಿದು ಆತ ಮೇಲೇರುತ್ತಾನೆ. ಒಂದು ಮರದ ತುದಿಯಿಂದ ಇನ್ನೊಂದಕ್ಕೆ ತೂಗಿ ದಾಟುತ್ತಾನೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕಾದದ್ದು ಮರ ಅತ್ಯಂತ ಜಾರುವ ಮಳೆಗಾಲದಲ್ಲೇ. ಎತ್ತರದಿಂದ ಕಾಲೂರಿ ಬಿದ್ದರೆ ಮೈಯ ಭಾರವೆಲ್ಲ ಮೊದಲು ಎರಗುವುದು ಹಿಮ್ಮಡಿ ಮತ್ತು ಕಣಕಾಲಿಗೆ.

ಆ ಪೆಟ್ಟು ಅಂದೇ ಮುಗಿಯುವುದಿಲ್ಲ. ಮುರಿದ ಮೂಳೆ ಕೂಡುತ್ತದೆ, ಮನುಷ್ಯ ಮತ್ತೆ ನಡೆಯುತ್ತಾನೆ. ಹತ್ತಿಪ್ಪತ್ತು ವರ್ಷ ಕಳೆದ ಮೇಲೆ ಅದೇ ಗಂಟಿನಲ್ಲಿ ನೋವು, ಬಾವು, ಬಿಗಿತ ಕಾಣಿಸಿಕೊಳ್ಳುತ್ತದೆ. ಸೊಂಟ, ಮಂಡಿಗಳ ಸಂಧಿವಾತಕ್ಕೆ ಹೆಚ್ಚಾಗಿ ವಯಸ್ಸಿನ ಸವೆತ ಕಾರಣ. ಕಣಕಾಲಿನದು ಹಾಗಲ್ಲ. ಕಣಕಾಲಿನ ಸಂಧಿವಾತದ ರೋಗಿಗಳಲ್ಲಿ ಸುಮಾರು ಶೇ. 70ಕ್ಕೂ ಹೆಚ್ಚು ಮಂದಿಗೆ ಹಿಂದೆಂದೋ ಆದ ಮುರಿತ ಅಥವಾ ಮತ್ತೆ ಮತ್ತೆ ಆದ ಉಳುಕೇ ಮೂಲ ಎಂದು ಅಧ್ಯಯನಗಳು ಹೇಳುತ್ತವೆ. ಎಂದರೆ ಇದು ಮುದುಕರ ಕಾಯಿಲೆಗಿಂತ ಹೆಚ್ಚಾಗಿ ಬಿದ್ದವರ ಕಾಯಿಲೆ. ಐವತ್ತರ ಆಸುಪಾಸಿನಲ್ಲಿ, ಇನ್ನೂ ದುಡಿಯಬೇಕಾದ ವಯಸ್ಸಿನಲ್ಲಿ ಬರುವ ಕಾಯಿಲೆ.

ಇಂಥ ಸವೆದ ಕೀಲನ್ನು ತೆಗೆದು ಲೋಹ ಮತ್ತು ಪ್ಲಾಸ್ಟಿಕ್‌ನ ಕೃತಕ ಕೀಲು ಕೂರಿಸುವ ಶಸ್ತ್ರಚಿಕಿತ್ಸೆ ಇಂದು ಭಾರತದ ದೊಡ್ಡ ನಗರಗಳಲ್ಲಿ ನಡೆಯುತ್ತಿದೆ. ಮಂಡಿ ಬದಲಾವಣೆಯಷ್ಟು ಇದು ಜನಜನಿತವಲ್ಲ. ಈ ಶಸ್ತ್ರಚಿಕಿತ್ಸೆಯ ಅರ್ಧ ಫಲ ಸಿಗುವುದು ಶಸ್ತ್ರಕ್ರಿಯೆಯ ಕೋಣೆಯ ಹೊರಗೆ ಎಂಬುದು ಇನ್ನೂ ಕಡಿಮೆ ಜನರಿಗೆ ತಿಳಿದ ಸಂಗತಿ. ಕತ್ತಿ ತಾಗುವ ಮೊದಲು ಮತ್ತು ತಾಗಿದ ನಂತರ ಮಾಡಬೇಕಾದ ವ್ಯಾಯಾಮಕ್ಕೆ ಒಂದು ದೀರ್ಘ ಇತಿಹಾಸವೇ ಇದೆ.

ಮಣ್ಣು, ಉಪ್ಪು, ಕಲ್ಲು

ಕಾಲ್ಗೆಜ್ಜೆ ಕಟ್ಟುವ ಈ ಜಾಗವನ್ನು ನಮ್ಮ ಪ್ರಾಚೀನ ವೈದ್ಯರು 'ಗುಲ್ಫ' ಎಂದು ಕರೆದರು. ಸುಶ್ರುತ ಸಂಹಿತೆ ದೇಹದ 107 ಮರ್ಮಸ್ಥಾನಗಳನ್ನು ಎಣಿಸುತ್ತದೆ. ಅವುಗಳಲ್ಲಿ ಗುಲ್ಫವೂ ಒಂದು. ಅಲ್ಲಿ ಪೆಟ್ಟಾದರೆ ನೋವು, ಪಾದದ ಬಿಗಿತ ಅಥವಾ ಕುಂಟುತನ ಉಂಟಾಗುತ್ತದೆ ಎಂದು ಆ ಗ್ರಂಥ ಹೇಳುತ್ತದೆ. ಇಂದಿನ ಮೂಳೆ ವೈದ್ಯರು ಕಣಕಾಲಿನ ಸಂಧಿವಾತದ ಲಕ್ಷಣಗಳನ್ನು ಪಟ್ಟಿ ಮಾಡಿದರೆ ಈ ಮೂರೂ ಅದರಲ್ಲಿ ಇದ್ದೇ ಇರುತ್ತವೆ.

ಮುರಿತದ ಚಿಕಿತ್ಸೆಗೆ ಸುಶ್ರುತ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಮರದ ತೊಗಟೆಯ ದಬ್ಬೆಗಳನ್ನಿಟ್ಟು ಕಟ್ಟಬೇಕು. ಆ ಕಟ್ಟನ್ನು ಚಳಿಗಾಲದಲ್ಲಿ ಏಳು ದಿನಕ್ಕೆ, ಸಾಧಾರಣ ಕಾಲದಲ್ಲಿ ಐದು ದಿನಕ್ಕೆ, ಬೇಸಿಗೆಯಲ್ಲಿ ಮೂರು ದಿನಕ್ಕೆ ಬದಲಿಸಬೇಕು. ಕಟ್ಟು ಸಡಿಲವಾದರೆ ಮೂಳೆ ನಿಲ್ಲದು, ಅತಿ ಬಿಗಿಯಾದರೆ ಬಾವು, ನೋವು, ಕೀವು. ತೊಡೆ ಅಥವಾ ಮೊಳಕಾಲ ಕೆಳಗಿನ ಮೂಳೆ ಮುರಿದವನನ್ನು ಹಲಗೆಯ ಮೇಲೆ ಮಲಗಿಸಿ, ಕಾಲು ಅಲುಗದಂತೆ ಗೂಟಗಳನ್ನು ಹೊಡೆಯಬೇಕು.

ಇದೇ ಅಧ್ಯಾಯದಲ್ಲಿ ಕೈಯ ಗಾಯದ ಬಗ್ಗೆ ಬರುವ ಒಂದು ಸಣ್ಣ ಸೂಚನೆ ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದದ್ದು. ಮುರಿದ ಕೈ ಕೂಡಿಕೊಂಡ ಮೇಲೆ ರೋಗಿ ಮೊದಲು ಮಣ್ಣಿನ ಮುದ್ದೆಯನ್ನು ಹಿಡಿಯಬೇಕು, ಆಮೇಲೆ ಉಪ್ಪಿನ ಗಟ್ಟಿಯನ್ನು, ಕೈಗೆ ಬಲ ಬಂದ ಬಳಿಕ ಕಲ್ಲನ್ನು. ಮೆತ್ತನೆಯದರಿಂದ ಗಟ್ಟಿಗೆ, ಹಗುರದಿಂದ ಭಾರಕ್ಕೆ ಹೋಗುವ ಈ ಕ್ರಮವೇ ಆಧುನಿಕ ಫಿಸಿಯೋಥೆರಪಿಯ ತಳಹದಿ. ಮೂಳೆ ಕೂಡುವುದು ಬೇರೆ, ಕೈಕಾಲು ಕೆಲಸಕ್ಕೆ ಬರುವುದು ಬೇರೆ ಎಂಬ ತಿಳಿವಳಿಕೆ ಅದರಲ್ಲಿದೆ.

ಜನಸಾಮಾನ್ಯರ ನಡುವೆ ಉಳಿದು ಬಂದದ್ದು ಮುಖ್ಯವಾಗಿ ಕಟ್ಟಿನ ಭಾಗ. ಮಲೆನಾಡಿನ ನಾಟಿ ವೈದ್ಯರ ಬಿದಿರ ದಬ್ಬೆ, ಸೊಪ್ಪಿನ ಲೇಪಗಳಿರಲಿ, ಬೆಂಗಳೂರಿನ ಬೀದಿಗಳಲ್ಲೂ ಫಲಕ ಕಾಣುವ, ಆಂಧ್ರದ ಚಿತ್ತೂರು ಸೀಮೆಯಿಂದ ಬಂದ 'ಪುತ್ತೂರು ಕಟ್ಟು' ಇರಲಿ, ಅವುಗಳಿಗೆ ಇಂದಿಗೂ ನಂಬಿಕೆಯ ಗಿರಾಕಿಗಳಿದ್ದಾರೆ. ಸರಳ ಮುರಿತ ಇದರಲ್ಲಿ ಕೂಡಬಹುದು. ಆದರೆ ಕೀಲಿನ ಒಳಗೇ ಆದ ಮುರಿತವನ್ನು ಹೊರಗಿನ ಕಟ್ಟು ಸಮಮಾಡಲಾರದು. ಮೇಲ್ಮೈ ಒಂದೆರಡು ಮಿಲಿಮೀಟರ್ ಏರುಪೇರಾದರೂ ಸಾಕು, ಮುಂದಿನ ವರ್ಷಗಳ ಸವೆತಕ್ಕೆ ಬೀಜ ಬಿದ್ದಂತೆ.

ಅಲುಗಾಡಬೇಡ ಎಂಬ ಕಾಲ

ಪಶ್ಚಿಮದ ವೈದ್ಯವೂ ಬಹುಕಾಲ ಕಟ್ಟನ್ನೇ ನಂಬಿತ್ತು. 1850ರ ದಶಕದ ಆರಂಭದಲ್ಲಿ ಡಚ್ ಸೇನಾ ವೈದ್ಯ ಆಂಟೋನಿಯಸ್ ಮಾಥೈಸೆನ್ ಪ್ಲಾಸ್ಟರ್ ಆಫ್ ಪ್ಯಾರಿಸ್ ಪಟ್ಟಿಯನ್ನು ಬಳಕೆಗೆ ತಂದ. ಬ್ರಿಟನ್ನಿನ ಹ್ಯೂ ಓವನ್ ಥಾಮಸ್, ಪೆಟ್ಟಾದ ಕೀಲಿಗೆ ದೀರ್ಘವಾದ, ನಡುವೆ ಮುರಿಯದ ವಿಶ್ರಾಂತಿಯೇ ಮದ್ದು ಎಂದು ಸಾರಿದ. ಕ್ಷಯ ತಗುಲಿದ ಕೀಲುಗಳ ಆ ಕಾಲದಲ್ಲಿ ಅದಕ್ಕೆ ಕಾರಣವೂ ಇತ್ತು. ಆದರೆ ತಿಂಗಳುಗಟ್ಟಲೆ ಪ್ಲಾಸ್ಟರಿನೊಳಗೆ ಇದ್ದ ಕಾಲು ಹೊರಬಂದಾಗ ಮೀನಖಂಡ ಸೊರಗಿ, ಕೀಲು ಮರಗಟ್ಟಿರುತ್ತಿತ್ತು.

ಇದಕ್ಕೆ ವಿರುದ್ಧವಾದ ದನಿಯೂ ಇತ್ತು. ಫ್ರಾನ್ಸಿನ ಲ್ಯೂಕಾ-ಶಾಂಪಿಯೋನಿಯೇರ್ 19ನೇ ಶತಮಾನದ ಕೊನೆಯ ದಶಕಗಳಲ್ಲಿ, ಮುರಿತವಾದ ಕೆಲದಿನಗಳಲ್ಲೇ ಮೃದುವಾದ ಅಂಗಮರ್ದನ ಮತ್ತು ಚಲನೆ ಆರಂಭಿಸಬೇಕು ಎಂದು ವಾದಿಸಿದ. ಚಲನೆಯೇ ಜೀವ ಎಂಬುದು ಅವನ ನಿಲುವು. ಅದಕ್ಕೂ ಹಿಂದೆ, 1813ರಲ್ಲಿ ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ ಸ್ಟಾಕ್‌ಹೋಮಿನಲ್ಲಿ ವ್ಯಾಯಾಮ ವಿದ್ಯೆಯ ಸಂಸ್ಥೆಯೊಂದನ್ನು ಕಟ್ಟಿದ್ದ. 1894ರಲ್ಲಿ ಲಂಡನ್ನಿನ ನಾಲ್ವರು ದಾದಿಯರು ಅಂಗಮರ್ದನವನ್ನು ಗೌರವದ ವೃತ್ತಿಯಾಗಿಸಲು ಸಂಘ ಕಟ್ಟಿಕೊಂಡರು. ಇಂದಿನ ಬ್ರಿಟಿಷ್ ಫಿಸಿಯೋಥೆರಪಿ ಸಂಘದ ಮೂಲ ಅದು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಮರಳಿದ ಲಕ್ಷಾಂತರ ಸೈನಿಕರು ಈ ವೃತ್ತಿಗೆ ಆಸ್ಪತ್ರೆಯಲ್ಲಿ ಖಾಯಂ ಜಾಗ ಮಾಡಿಕೊಟ್ಟರು. 1958ರಲ್ಲಿ ಸ್ವಿಟ್ಜರ್‌ಲೆಂಡಿನ ಶಸ್ತ್ರವೈದ್ಯರ ಗುಂಪೊಂದು, ಮೂಳೆಯನ್ನು ತಗಡು-ಸ್ಕ್ರೂಗಳಿಂದ ಭದ್ರಪಡಿಸುವುದೇ ಕೀಲನ್ನು ಬೇಗ ಅಲುಗಿಸಲಿಕ್ಕಾಗಿ ಎಂಬ ತತ್ವವನ್ನು ಮುಂದಿಟ್ಟಿತು.

ಮುಂಬಯಿ ಮತ್ತು ವೆಲ್ಲೂರು

ಭಾರತದಲ್ಲಿ ಈ ವೃತ್ತಿಯ ತರಬೇತಿಗೆ ದಾರಿ ಮಾಡಿದ್ದು ಪೋಲಿಯೋ. ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಹಾವಳಿಯ ಬಳಿಕ, 1950ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಶಾಲೆ ತೆರೆಯಿತು. 1955ರಲ್ಲಿ ಈ ವೃತ್ತಿಯವರ ಅಖಿಲ ಭಾರತ ಸಂಘ ರೂಪುಗೊಂಡಿತು. ಹಾಜಿ ಅಲಿ ಬಳಿಯ ಪುನರ್ವಸತಿ ಸಂಸ್ಥೆಯೂ ಅದೇ ವರ್ಷದ್ದು.

ಶಸ್ತ್ರಚಿಕಿತ್ಸೆಗೆ ಮೊದಲೇ ವ್ಯಾಯಾಮ ಎಂಬ ಪಾಠವನ್ನು ದಕ್ಷಿಣ ಭಾರತ ಕಲಿತದ್ದು ವೆಲ್ಲೂರಿನಲ್ಲಿ. 1946ರಲ್ಲಿ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಡಾ. ಪಾಲ್ ಬ್ರ್ಯಾಂಡ್ ಕುಷ್ಠರೋಗದಿಂದ ಸೊಟ್ಟಗಾದ ಕೈಕಾಲುಗಳನ್ನು ಶಸ್ತ್ರಕ್ರಿಯೆಯಿಂದ ಸರಿಪಡಿಸಲು ತೊಡಗಿದರು. ನರ ಸತ್ತು ಪಾದ ಜೋತುಬಿದ್ದವರಿಗೆ ಮಾಡುತ್ತಿದ್ದ ಶಸ್ತ್ರಕ್ರಿಯೆಯಲ್ಲಿ, ಪಾದವನ್ನು ಒಳಕ್ಕೆ ತಿರುಗಿಸುವ ಸ್ನಾಯುವಿನ ಕಂಡರವನ್ನು ಕಣಕಾಲಿನ ಮುಂಭಾಗಕ್ಕೆ ತಂದು ಹೊಲಿಯಲಾಗುತ್ತದೆ. ಇನ್ನು ಮೇಲೆ ಆ ಸ್ನಾಯು ಪಾದವನ್ನು ಮೇಲೆತ್ತಬೇಕು. ಆದರೆ ಸ್ನಾಯುವಿಗೆ ಹೊಸ ಕೆಲಸ ಹೇಳಿಕೊಡುವವರು ಯಾರು? ಹಾಗಾಗಿ ಶಸ್ತ್ರಕ್ರಿಯೆಗೆ ವಾರಗಳ ಮೊದಲೇ ಆ ಒಂದು ಸ್ನಾಯುವನ್ನು ಬೇರೆಯಾಗಿ ಬಿಗಿಹಿಡಿಯುವುದನ್ನು ರೋಗಿಗೆ ಕಲಿಸಬೇಕು. ಹೊಲಿಗೆ ಮಾಗಿದ ಬಳಿಕ ಅದೇ ಅಭ್ಯಾಸವನ್ನು ಹೊಸ ಜಾಗದಲ್ಲಿ ಮುಂದುವರಿಸಬೇಕು. ಅದೇ ಸಂಸ್ಥೆಯ ಡಾ. ಮೇರಿ ವರ್ಗೀಸ್ 1954ರ ರಸ್ತೆ ಅಪಘಾತದಲ್ಲಿ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡ ಮೇಲೆ ಗಾಲಿಕುರ್ಚಿಯಿಂದಲೇ ಶಸ್ತ್ರಕ್ರಿಯೆ ಮಾಡಿದರು. ಮುಂದೆ ಪುನರ್ವಸತಿ ವೈದ್ಯವನ್ನು ಕಲಿತು ಬಂದು ವೆಲ್ಲೂರಿನಲ್ಲಿ ಆ ವಿಭಾಗವನ್ನು ಕಟ್ಟಿದರು.

ಬೆಸುಗೆಯೋ, ಬದಲಾವಣೆಯೋ?

ಸವೆದ ಕಣಕಾಲಿಗೆ ಹಳೆಯ ಪರಿಹಾರವೆಂದರೆ ಬೆಸುಗೆ. ಕೀಲಿನ ಎರಡೂ ಬದಿಯ ಮೂಳೆಗಳನ್ನು ಕೆರೆದು, ಒಂದಾಗಿ ಕೂಡಿಸಿಬಿಡುವುದು. 1879ರ ಸುಮಾರಿಗೆ ವಿಯೆನ್ನಾದ ಎಡುವರ್ಡ್ ಆಲ್ಬರ್ಟ್ ಇದನ್ನು ಮಾಡಿ ತೋರಿಸಿದ. ಬೆಸುಗೆಯಾದರೆ ಅಲುಗಾಟವಿಲ್ಲ. ಅಲುಗಾಟವಿಲ್ಲದಿದ್ದರೆ ನೋವೂ ಇಲ್ಲ. ನಷ್ಟವೆಂದರೆ ಕೀಲು ಶಾಶ್ವತವಾಗಿ ನಿಂತುಹೋಗುತ್ತದೆ. ಅದರ ಕೆಲಸವನ್ನು ಪಾದದ ಇತರ ಸಣ್ಣ ಕೀಲುಗಳು ಹೊರಬೇಕಾಗಿ ಬಂದು, ವರ್ಷಗಳ ಮೇಲೆ ಅವೂ ಸವೆಯುತ್ತವೆ.

1962ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್ಲಿ ಸೊಂಟದ ಕೃತಕ ಕೀಲಿನಲ್ಲಿ ಯಶಸ್ಸು ಕಂಡ ಮೇಲೆ ಉಳಿದ ಕೀಲುಗಳತ್ತ ಎಲ್ಲರ ಕಣ್ಣು ಹೋಯಿತು. 1970ರಲ್ಲಿ ಫ್ರಾನ್ಸಿನ ಲಾರ್ ಮತ್ತು ಮರೋಟ್ ಮೊದಲ ಪೂರ್ಣ ಕಣಕಾಲು ಬದಲಾವಣೆ ಮಾಡಿದರು. ಸೊಂಟದ ಕೀಲನ್ನೇ ತಲೆಕೆಳಗು ಮಾಡಿದಂತಿದ್ದ ಅದು ಬಾಳಲಿಲ್ಲ. ಅವರು ಮಾಡಿದ 25 ಶಸ್ತ್ರಕ್ರಿಯೆಗಳಲ್ಲಿ ತೃಪ್ತಿಕರವಾದವು 7 ಮಾತ್ರ. ಆ ದಶಕದ ಇತರ ಮಾದರಿಗಳೂ ಸಡಿಲಗೊಂಡು ಸೋತವು. ಕಣಕಾಲು ಬದಲಿಸಬಹುದೇ ಎಂಬ ಪ್ರಶ್ನೆಗೆ 1985ರಲ್ಲಿ ಬ್ರಿಟನ್ನಿನ ಮೂಳೆ ಶಸ್ತ್ರಚಿಕಿತ್ಸಾ ಪತ್ರಿಕೆಯ ಸಂಪಾದಕೀಯವೊಂದು, ಈಗಿರುವ ತಂತ್ರದಲ್ಲಿ ಆಗದು ಎಂದೇ ಉತ್ತರ ಕೊಟ್ಟಿತ್ತು.

ಸೋಲಿಗೆ ಕಾರಣ ಕಣಕಾಲಿನ ರಚನೆಯಲ್ಲೇ ಇದೆ. ಟಿಬಿಯಾ, ಫಿಬ್ಯುಲಾ ಎಂಬ ಎರಡು ಮೂಳೆಗಳ ನಡುವಿನ ಗೂಡಿನಲ್ಲಿ ಟೇಲಸ್ ಎಂಬ ಪುಟ್ಟ ಮೂಳೆ ತೂಗುತ್ತದೆ. ಸೊಂಟ, ಮಂಡಿಗಳಿಗಿಂತ ಚಿಕ್ಕದಾದ ಈ ಮೇಲ್ಮೈ ನಡೆಯುವಾಗ ದೇಹದ ತೂಕದ ಸುಮಾರು ಐದು ಪಟ್ಟು ಒತ್ತಡ ಹೊರಬೇಕು. ಮೂಳೆಯನ್ನು ಆದಷ್ಟು ಕಡಿಮೆ ಕತ್ತರಿಸಬೇಕು, ಅಸ್ಥಿರಜ್ಜುಗಳನ್ನು ಉಳಿಸಿಕೊಳ್ಳಬೇಕು ಎಂಬ ಅರಿವು ಬಂದದ್ದು ಆಮೇಲೆ. ಡೆನ್ಮಾರ್ಕಿನ ಹಾಕನ್ ಕೊಫೋಡ್ 1981ರಲ್ಲಿ ಮೊದಲು ಅಳವಡಿಸಿದ ಕೀಲು ಮುಂದೆ ಮೂರು ಭಾಗಗಳದ್ದಾಯಿತು. ಮೇಲೂ ಕೆಳಗೂ ಲೋಹ, ನಡುವೆ ಜಾರುವ ಪ್ಲಾಸ್ಟಿಕ್ ಬಿಲ್ಲೆ. ಅದಕ್ಕೆ ಅಮೆರಿಕದ ಒಪ್ಪಿಗೆ ಸಿಕ್ಕಿದ್ದು 2009ರಲ್ಲಿ. ಇಂದಿನ ಕೀಲುಗಳಲ್ಲಿ ಐದರಲ್ಲಿ ಸುಮಾರು ನಾಲ್ಕು ಹತ್ತು ವರ್ಷದ ನಂತರವೂ ಜಾಗದಲ್ಲೇ ಇರುತ್ತವೆ ಎಂದು ಹಲವು ವರದಿಗಳು ಹೇಳುತ್ತವೆ.

ಕತ್ತಿಗೆ ಮೊದಲು, ಕತ್ತಿಗೆ ನಂತರ

ಕೃತಕ ಕೀಲು ಕೂರಿಸಿದ ಮಾತ್ರಕ್ಕೆ ಬಿಗಿದ ಕಾಲು ಹಸುಗೂಸಿನ ಕಾಲಿನಂತೆ ಮಡಚುವುದಿಲ್ಲ. ಶಸ್ತ್ರಕ್ರಿಯೆಗೆ ಮೊದಲು ಇದ್ದ ಚಲನೆ ಎಷ್ಟೋ, ನಂತರ ಸಿಗುವುದು ಬಹುಮಟ್ಟಿಗೆ ಅದಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ. ಲಾಭದ ಬಹುಪಾಲು ನೋವಿನ ಇಳಿಕೆಯಲ್ಲಿ. ಆದ್ದರಿಂದಲೇ ಮೊದಲಿನ ವಾರಗಳ ತಯಾರಿಗೆ ಬೆಲೆ. ಮೀನಖಂಡವನ್ನು ನಿಧಾನವಾಗಿ ಎಳೆದು ಸಡಿಲಿಸುವುದು, ತೊಡೆ ಮತ್ತು ಸೊಂಟದ ಸ್ನಾಯುಗಳಿಗೆ ಬಲ ತುಂಬುವುದು ಅದರ ಒಂದು ಭಾಗ. ಇನ್ನೊಂದು ಭಾಗ ಊರುಗೋಲಿನ ಪಾಠ. ಶಸ್ತ್ರಕ್ರಿಯೆಯಾದ ಕಾಲನ್ನು ನೆಲಕ್ಕೆ ತಾಗಿಸದೆ ಹೋಗುವುದು ಹೇಳಿದಷ್ಟು ಸುಲಭವಲ್ಲ. ಅದನ್ನು ನೋವಿನ ನಡುವೆ ಕಲಿಯುವುದಕ್ಕಿಂತ ಮೊದಲೇ ಕಲಿತಿರುವುದು ಲೇಸು. ಮೆಟ್ಟಿಲಿಗೊಂದು ಸೂತ್ರವಿದೆ: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಜಗಲಿ, ಹೊಸ್ತಿಲು, ಬಚ್ಚಲುಮನೆ ಎಂದು ಹೆಜ್ಜೆಗೊಂದು ಏರಿಳಿತವಿರುವ ಮಲೆನಾಡಿನ ಮನೆಗಳಲ್ಲಿ ಈ ಸೂತ್ರ ಬಾಯಿಪಾಠವಾಗಿರಬೇಕು. ಬೀಡಿ, ಸಿಗರೇಟು, ಎಲೆಯಡಿಕೆಯ ಜತೆಗಿನ ತಂಬಾಕು ಬಿಡುವುದೂ ತಯಾರಿಯ ಭಾಗವೇ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿ ಗಾಯ ಮಾಗುವುದನ್ನು ತಡೆಯುತ್ತದೆ. ಕಣಕಾಲಿನ ಮುಂಭಾಗದ ಚರ್ಮವೋ ಮೊದಲೇ ತೆಳು.

ನಂತರದ ಕ್ರಮ ಶಸ್ತ್ರವೈದ್ಯರಿಂದ ವೈದ್ಯರಿಗೆ ಸ್ವಲ್ಪ ಬೇರೆಯಾದರೂ ಹಾದಿ ಒಂದೇ. ಮೊದಲ ಎರಡು ವಾರ ಕಾಲು ಕಟ್ಟಿನಲ್ಲಿ, ಎದೆಯ ಮಟ್ಟಕ್ಕಿಂತ ಎತ್ತರದಲ್ಲಿ. ಆಗ ಅಲುಗಿಸಬೇಕಾದದ್ದು ಬೆರಳು, ಮಂಡಿ, ಸೊಂಟಗಳನ್ನು. ಎರಡು-ಮೂರು ವಾರಕ್ಕೆ ಹೊಲಿಗೆ ತೆಗೆದ ಮೇಲೆ ಬೂಟಿನಂಥ ಆಸರೆ ಬರುತ್ತದೆ. ವೈದ್ಯರ ಅನುಮತಿಯಂತೆ ಪಾದವನ್ನು ಮೇಲೆ-ಕೆಳಗೆ ಆಡಿಸುವುದು ಆರಂಭವಾಗುತ್ತದೆ. ಎರಡರಿಂದ ಆರು ವಾರಗಳ ನಡುವೆ ಕಾಲಿಗೆ ಭಾರ ಕೊಡುವುದು, ಮೊದಲು ಸ್ವಲ್ಪ, ಆಮೇಲೆ ಹೆಚ್ಚು. ಆರನೇ ವಾರದಿಂದ ಮೂರು ತಿಂಗಳವರೆಗೆ ಬಲ ಮತ್ತು ಸಮತೋಲನದ ಅಭ್ಯಾಸ: ಮೇಜು ಹಿಡಿದು ಹಿಮ್ಮಡಿ ಎತ್ತುವುದು, ಒಂಟಿ ಕಾಲಿನಲ್ಲಿ ನಿಲ್ಲುವುದು, ಕನ್ನಡಿಯ ಮುಂದೆ ಕುಂಟದೆ ನಡೆಯುವುದು. ವರ್ಷಗಟ್ಟಲೆ ನೋವಿನಿಂದ ಕುಂಟಿದವನಿಗೆ ಕುಂಟುವುದೇ ರೂಢಿಯಾಗಿರುತ್ತದೆ. ನೋವು ಹೋದರೂ ಆ ರೂಢಿ ತಾನಾಗಿ ಹೋಗದು. ಹಿಮ್ಮಡಿ ಊರಿ, ಪಾದ ಉರುಳಿಸಿ, ಬೆರಳಿನಿಂದ ನೆಲ ಒತ್ತುವ ಕ್ರಮವನ್ನು ಆತ ಹೊಸದಾಗಿ ಕಲಿಯಬೇಕು. ಸುಧಾರಣೆ ಒಂದು ವರ್ಷದವರೆಗೂ ನಡೆಯುತ್ತದೆ. ನಡುವೆ ಮೀನಖಂಡದಲ್ಲಿ ಹಠಾತ್ ನೋವು, ಬಾವು, ಉಸಿರಿನ ತೊಂದರೆ, ಗಾಯದಿಂದ ಸ್ರಾವ ಕಂಡರೆ ವ್ಯಾಯಾಮ ನಿಲ್ಲಿಸಿ ವೈದ್ಯರ ಬಳಿಗೆ ಓಡಬೇಕು.

ಮಣ್ಣು, ಉಪ್ಪು, ಕಲ್ಲಿನ ಕ್ರಮವೇ ಇದು. ಅವಸರಪಟ್ಟು ಮೊದಲ ದಿನವೇ ಕಲ್ಲು ಹಿಡಿದರೂ ಕೆಟ್ಟಿತು, ಹೆದರಿ ಮಣ್ಣಿನಲ್ಲೇ ನಿಂತರೂ ಕೆಟ್ಟಿತು.

ಕುಕ್ಕರಗಾಲಿನ ನಾಡಿನಲ್ಲಿ

ಇಲ್ಲಿ ನಮ್ಮದೇ ಆದ ಒಂದು ಪ್ರಶ್ನೆ ಏಳುತ್ತದೆ. ಕೃತಕ ಕಣಕಾಲು ಹುಟ್ಟಿದ್ದು ಕುರ್ಚಿಯ ಮೇಲೆ ಕೂರುವ ನಾಡುಗಳಲ್ಲಿ. ಸಮತಟ್ಟಿನ ನಡಿಗೆಗೆ ಪಾದ ಸುಮಾರು 10 ಡಿಗ್ರಿ ಮೇಲಕ್ಕೆ ಬಾಗಿದರೆ ಸಾಕು. ಹಿಮ್ಮಡಿ ಊರಿ ಕುಕ್ಕರಗಾಲಿನಲ್ಲಿ ಕೂರಲು ಅದರ ಮೂರು ಪಟ್ಟಿಗೂ ಮಿಕ್ಕಿ ಬೇಕು. ಅಡಿಕೆ ಸುಲಿಯುವುದು, ಗಿಡದ ಬುಡ ಬಿಡಿಸುವುದು, ಶೌಚ ಎಲ್ಲವೂ ನಮ್ಮಲ್ಲಿ ನೆಲಕ್ಕೆ ಹತ್ತಿರದ ಕೆಲಸಗಳು. ಈ ವ್ಯತ್ಯಾಸವನ್ನು ಗಂಭೀರವಾಗಿ ತೆಗೆದುಕೊಂಡವರು ಜೈಪುರದ ಡಾ. ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ. 1968ರ ಸುಮಾರಿಗೆ ಅವರು ರೂಪಿಸಿದ ರಬ್ಬರಿನ 'ಜೈಪುರ ಪಾದ' ತೊಟ್ಟವನು ಬರಿಗಾಲಿನಂತೆ ಕೆಸರಿನಲ್ಲಿ ನಡೆಯಬಲ್ಲ, ಕುಕ್ಕರಗಾಲಿನಲ್ಲಿ ಕೂರಬಲ್ಲ. ಆದರೆ ಅದು ಕಾಲು ಕಳೆದುಕೊಂಡವರಿಗೆ. ಮೈಯೊಳಗೆ ಕೂರಿಸುವ ಕಣಕಾಲಿಗೆ ಅಂಥದೊಂದು ದೇಸಿ ಉತ್ತರ ಬಳಕೆಗೆ ಬಂದಿಲ್ಲ.

ಓಟ, ಜಿಗಿತ, ಭಾರ ಹೊರುವ ಕೆಲಸ ಕೃತಕ ಕಣಕಾಲಿಗೆ ಆಗದು ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ಆದ್ದರಿಂದ ಕಷ್ಟದ ದೈಹಿಕ ಕೆಲಸ ಮಾಡುವ ನಡುವಯಸ್ಸಿನವರಿಗೆ ವೈದ್ಯರು ಇಂದಿಗೂ ಹೆಚ್ಚಾಗಿ ಸೂಚಿಸುವುದು ಬೆಸುಗೆಯನ್ನೇ. ಕಣಕಾಲು ಬದಲಾವಣೆ ಹೆಚ್ಚು ಹೊಂದುವುದು ವಯಸ್ಸಾದ, ಹಗುರ ಕೆಲಸದವರಿಗೆ. ಮರದಿಂದ ಬಿದ್ದು ಕಣಕಾಲು ಕೆಡಿಸಿಕೊಂಡ ಕೊನೆಗೌಡ ಎರಡರಲ್ಲಿ ಯಾವುದನ್ನು ಮಾಡಿಸಿಕೊಂಡರೂ ಮತ್ತೆ ಮರ ಹತ್ತುವ ಭರವಸೆ ಇಲ್ಲ. ಹಾಗಾಗಿ ಅವನ ಪಾಲಿಗೆ ಮೊದಲ ಮುರಿತದ ದಿನವೇ ನಿರ್ಣಾಯಕ. ಅಂದು ಕೀಲಿನ ಮೇಲ್ಮೈ ಸರಿಯಾಗಿ ಕೂಡಿ, ಆಮೇಲಿನ ಮೂರು ತಿಂಗಳು ವ್ಯಾಯಾಮ ಸಿಕ್ಕರೆ, ಇಪ್ಪತ್ತು ವರ್ಷದ ನಂತರದ ಶಸ್ತ್ರಕ್ರಿಯೆ ಬೇಡವೇ ಆಗಬಹುದು.

ಸೋಂದಾದಿಂದ ಹುಬ್ಬಳ್ಳಿಗೆ

ಆ ವ್ಯಾಯಾಮ ಎಲ್ಲಿ ಸಿಗುತ್ತದೆ ಎಂಬುದೇ ಈ ಸೀಮೆಯ ಪ್ರಶ್ನೆ. ಸೋಂದಾದಿಂದ ಹುಬ್ಬಳ್ಳಿ ಸುಮಾರು 100 ಕಿ.ಮೀ. ಅಲ್ಲಿ 1957ರಲ್ಲಿ ಆರಂಭವಾದ, ಮುಂದೆ ಕಿಮ್ಸ್ ಎಂದು ಹೆಸರಾಗಿದ್ದ ವೈದ್ಯಕೀಯ ಕಾಲೇಜು ಇದೆ. ಜಿಲ್ಲಾ ಕೇಂದ್ರ ಕಾರವಾರಕ್ಕೆ ಘಟ್ಟ ಇಳಿಯಬೇಕು. ಮಣಿಪಾಲ, ಮಂಗಳೂರು ಇನ್ನೂ ದೂರ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಉತ್ತರ ಕನ್ನಡದ ಕೂಗು ಹಳೆಯದು. 2022ರ ಜುಲೈನಲ್ಲಿ ಶಿರೂರು ಟೋಲ್ ಬಳಿ ರೋಗಿಯನ್ನು ಹೊತ್ತ ಆಂಬುಲೆನ್ಸ್ ಮಗುಚಿ ನಾಲ್ವರು ಸತ್ತ ಮೇಲೆ ಅದು ಮತ್ತೆ ಜೋರಾಯಿತು. ಶಸ್ತ್ರಕ್ರಿಯೆಗೆ ಒಮ್ಮೆ ಹುಬ್ಬಳ್ಳಿಗೆ ಹೋಗಿ ಬರಬಹುದು. ಆದರೆ ವಾರಕ್ಕೆ ಎರಡು ಸಲದಂತೆ ಮೂರು ತಿಂಗಳು, ಊರುಗೋಲು ಹಿಡಿದು ಬಸ್ಸು ಹತ್ತಿ ಹೋಗುವವರು ಯಾರು? ದಿನಗೂಲಿಯವನಂತೂ ಹೋಗಲಾರ.

ಕಾನೂನು ಮತ್ತು ಯೋಜನೆಗಳಲ್ಲಿ ಕೆಲವು ಬದಲಾವಣೆಗಳಾಗಿವೆ. 2010-11ರಲ್ಲಿ ಆರಂಭವಾದ ವೃದ್ಧರ ಆರೋಗ್ಯ ರಕ್ಷಣೆಯ ರಾಷ್ಟ್ರೀಯ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ಘಟಕಕ್ಕೆ ಅವಕಾಶ ಮಾಡಿತು. 2021ರ ಕೇಂದ್ರ ಕಾಯ್ದೆ ಫಿಸಿಯೋಥೆರಪಿಸ್ಟರ ಶಿಕ್ಷಣ ಮತ್ತು ನೋಂದಣಿಗೆ ಚೌಕಟ್ಟು ಕೊಟ್ಟಿತು. ತೋಟಗಳಲ್ಲೂ ಬದಲಾವಣೆ ಬಂದಿದೆ. ನೆಲದಲ್ಲೇ ನಿಂತು ಕೊನೆ ಕೊಯ್ಯುವ, ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿಗಳು ಮರ ಹತ್ತುವ ಅಗತ್ಯವನ್ನೇ ಕಡಿಮೆ ಮಾಡುತ್ತಿವೆ. ಕಣಕಾಲಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಉಳಿದ ಕೊರತೆ ತುಂಬಲು ದೊಡ್ಡ ಯಂತ್ರಗಳೇನೂ ಬೇಕಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಕೃತಕ ಕೀಲಿಗೆ ಲಕ್ಷಗಟ್ಟಲೆ ರೂಪಾಯಿ ಬೇಕು, ನುರಿತ ಶಸ್ತ್ರವೈದ್ಯರು ಬೇಕು. ವ್ಯಾಯಾಮಕ್ಕೆ ಬೇಕಾದದ್ದು ಒಂದು ಬೆಂಚು, ಒಂದು ಟವೆಲ್ಲು, ಎರಡು ಮೆಟ್ಟಿಲು, ಹಿಡಿದು ನಿಲ್ಲಲು ಒಂದು ಕಂಬ, ಹೇಳಿಕೊಡಬಲ್ಲ ಒಬ್ಬರು. ತಾಲ್ಲೂಕು ಆಸ್ಪತ್ರೆಯ ಒಂದು ಕೋಣೆಯಲ್ಲಿ, ವಾರಕ್ಕೆರಡು ದಿನ ಹಳ್ಳಿಯ ಆರೋಗ್ಯ ಕೇಂದ್ರದ ಜಗಲಿಯಲ್ಲಿ ಇದು ಆಗುವ ಕೆಲಸ. ಆಸ್ಪತ್ರೆ ಕೇಳುವ ಮನವಿಗಳಲ್ಲಿ ಕಟ್ಟಡ, ಹಾಸಿಗೆ, ಯಂತ್ರಗಳ ಜತೆಗೆ ಆ ಒಬ್ಬರ ಹುದ್ದೆಯನ್ನೂ ಸೇರಿಸಬೇಕು. ಸೋಂದಾದ ಇಳಿಜಾರಿನಲ್ಲಿ ಬಿದ್ದವನು ಮತ್ತೆ ತೋಟಕ್ಕೆ ಇಳಿಯುತ್ತಾನೋ, ಜಗಲಿಯಲ್ಲೇ ಕುಳಿತುಬಿಡುತ್ತಾನೋ ಎಂಬುದು ಹೆಚ್ಚಿನ ಸಲ ತೀರ್ಮಾನವಾಗುವುದು ಆ ಮೂರು ತಿಂಗಳಲ್ಲಿ.